ಚಿಕ್ಕ ಕಾರಿನ ದೊಡ್ಡ ಲೆಕ್ಕ

ಕೊಳ್ಳೇಗಾಲದಿಂದ ಯಳಂದೂರಿನ ಕಡೆಗೆ ಹೊರಟರೆ ನಡುವೆ ಮಾಂಬಳ್ಳಿ ಸಿಗುತ್ತದೆ. ಬೆಂಗಳೂರಿನಿಂದ ಚಾಮರಾಜನಗರದ ಮೇಲೆ ಕೊಯಮತ್ತೂರಿಗೆ ಹೋಗುವ ಹೆದ್ದಾರಿ ಅದು. ಕಬ್ಬಿನ ಲಾರಿ, ಸರ್ಕಾರಿ ಬಸ್ಸು, ಬಿಳಿಗಿರಿರಂಗನ ಬೆಟ್ಟಕ್ಕೆ ಹೊರಟ ಯಾತ್ರಿಕರ ವಾಹನ ಎಲ್ಲಕ್ಕೂ ಅದೇ ದಾರಿ. ಆದರೆ ಹೆದ್ದಾರಿಯನ್ನು ಬಿಟ್ಟು ಇಂಥ ಊರುಗಳ ಒಳಬೀದಿಗೆ ತಿರುಗಿದಿರೋ, ಲೋಕವೇ ಬೇರೆ. ಎರಡು ಪಕ್ಕದಲ್ಲೂ ಮನೆಯ ಜಗಲಿ, ಅದರ ಕೆಳಗೆ ಚರಂಡಿ, ಒಂದು ಕಡೆ ಕಟ್ಟಿದ ಹಸು, ಇನ್ನೊಂದು ಕಡೆ ಒರಗಿಸಿಟ್ಟ ಬೈಸಿಕಲ್ಲು. ಈ ಬೀದಿಗಳನ್ನು ನಮ್ಮ ಹಿರಿಯರು ಎತ್ತಿನ ಗಾಡಿಯ ಅಳತೆಗೆ ಬಿಟ್ಟರೇ ಹೊರತು ಮೋಟಾರಿನ ಅಳತೆಗಲ್ಲ.

ಇಂಥ ಬೀದಿಯೊಳಕ್ಕೆ ಮನೆಯ ಬಾಗಿಲ ತನಕ ಬರಬಲ್ಲ ಕಾರು ಯಾವುದು? ನೀವು ಪಟ್ಟಣದಲ್ಲಿರಲಿ, ಹಳ್ಳಿಯಲ್ಲಿರಲಿ, ಉತ್ತರ ನಿಮಗೆ ಗೊತ್ತೇ ಇದೆ. 1983ರಿಂದ 2014ರವರೆಗೆ ನಮ್ಮ ದೇಶದಲ್ಲಿ ತಯಾರಾದ ಮಾರುತಿ 800 ಎಂಬ ಪುಟ್ಟ ಕಾರು, ಮತ್ತು ಅದರ ತಮ್ಮಂದಿರು. ಹೆಸರು ನಮ್ಮ ಆಂಜನೇಯನದು. ಹುಟ್ಟು ಮಾತ್ರ ಜಪಾನಿನದು. ಸುಜುಕಿ ಎಂಬ ಜಪಾನೀ ಸಂಸ್ಥೆಯ ಆಲ್ಟೋ ಎಂಬ ಕಾರಿನ ಭಾರತೀಯ ಅವತಾರವೇ ಅದು.

ನಿಮ್ಮ ಮನೆಯಲ್ಲೂ ಕಾರು ಕೊಳ್ಳುವ ಮಾತು ಒಂದಲ್ಲ ಒಂದು ಸಂಜೆ ಬಂದಿರಬಹುದು. ಅಜ್ಜಿಯನ್ನು ಆಸ್ಪತ್ರೆಗೆ ಕರೆದೊಯ್ಯಲು ಬಸ್ಸು ಕಾಯುವುದು ಸಾಕಾಗಿದೆ, ಮಗಳ ಮನೆ ಮೈಸೂರಿನಲ್ಲಿದೆ, ವರ್ಷಕ್ಕೊಮ್ಮೆ ಮಹದೇಶ್ವರ ಬೆಟ್ಟಕ್ಕೆ ಹೋಗಬೇಕು. ಹೊಸದು ದುಬಾರಿ, ಹಳೆಯದೊಂದು ಚಿಕ್ಕ ಕಾರು ಸಿಕ್ಕರೆ ಸಾಕು ಎಂಬ ಲೆಕ್ಕ. ಲೆಕ್ಕವೇನೋ ಸರಿ. ಆದರೆ ಆ ಕಾರನ್ನು ಯಾರು, ಯಾವ ದಾರಿಗಾಗಿ, ಎಷ್ಟು ಹೊರೆಗಾಗಿ ರೂಪಿಸಿದರು ಎಂಬುದನ್ನು ತಿಳಿದುಕೊಂಡೇ ಕೊಳ್ಳುವುದು ಒಳಿತು. ಏಕೆಂದರೆ ಆ ಕಾರಿನ ಗುಣವೂ ದೋಷವೂ ಒಂದೇ ಬೇರಿನಿಂದ ಹುಟ್ಟಿದವು.

ಮಗ್ಗದಿಂದ ಮೋಟಾರಿಗೆ

ಕೊಳ್ಳೇಗಾಲದ ರೇಷ್ಮೆಯ ಹೆಸರನ್ನು ಕೇಳದವರು ನಮ್ಮಲ್ಲಿ ಯಾರು? ಹಾಗಾದರೆ ಈ ಕಾರಿನ ಪೂರ್ವಚರಿತ್ರೆ ನಿಮಗೆ ಅಪರಿಚಿತವೆನಿಸಲಾರದು. ಅದು ಆರಂಭವಾಗುವುದು ಮಗ್ಗದ ಮನೆಯಲ್ಲಿ. ಜಪಾನಿನ ಹಮಾಮತ್ಸು ಎಂಬ ಊರಿನಲ್ಲಿ 1909ರಲ್ಲಿ ಮಿಚಿಯೋ ಸುಜುಕಿ ಎಂಬಾತ ನೇಯ್ಗೆಯ ಮಗ್ಗಗಳನ್ನು ಮಾಡುವ ಕಾರ್ಖಾನೆ ತೆರೆದ. 1920ರಲ್ಲಿ ಅದು ಷೇರು ಸಂಸ್ಥೆಯಾಯಿತು. ಎಷ್ಟೋ ವರ್ಷ ಅವರ ಅನ್ನ ಮಗ್ಗದ್ದೇ. ಎರಡನೆಯ ಮಹಾಯುದ್ಧದ ಅನಂತರ ಜವಳಿ ವ್ಯಾಪಾರ ಕುಸಿದಾಗ, 1952ರಲ್ಲಿ ಬೈಸಿಕಲ್ಲಿಗೆ ಕಟ್ಟುವ ಪುಟ್ಟ ಎಂಜಿನ್ನೊಂದನ್ನು ಮಾರುಕಟ್ಟೆಗೆ ತಂದರು. 1954ರಲ್ಲಿ ಸಂಸ್ಥೆಯ ಹೆಸರಿನಲ್ಲೇ ಮೋಟಾರು ಸೇರಿತು. 1955ರಲ್ಲಿ ಸುಜುಲೈಟ್ ಎಂಬ ಮೊದಲ ಕಾರು ಹೊರಬಂತು.

ಇದು ಒಂದೇ ಮನೆಯ ಕಥೆಯಲ್ಲ. ನೂಲು ತುಂಡಾದ ಕೂಡಲೆ ತಾನಾಗಿ ನಿಲ್ಲುವ ಮಗ್ಗವನ್ನು ಕಂಡುಹಿಡಿದ ಸಾಕಿಚಿ ಟೊಯೋಡನ ಮನೆತನದಿಂದಲೇ ಟೊಯೋಟ ಮೋಟಾರು ಸಂಸ್ಥೆ ಬಂದದ್ದು. ನಮ್ಮ ರಾಮನಗರದ ಬಳಿಯ ಬಿಡದಿಯಲ್ಲಿ 1999ರಿಂದ ಕಾರು ತಯಾರಿಸುತ್ತಿರುವ ಕಾರ್ಖಾನೆಯ ಮೂಲವೂ ಹೀಗೆ ಒಂದು ಮಗ್ಗವೇ. ಮಗ್ಗ ಮಾಡುವವನಿಗೆ ಎರಡು ವಿದ್ಯೆ ಬೇಕು. ಒಂದು, ಸಣ್ಣ ಲೋಹದ ಭಾಗಗಳನ್ನು ಕೂದಲೆಳೆಯ ಅಳತೆಗೆ ಮಾಡುವುದು. ಇನ್ನೊಂದು, ಇದ್ದ ಕೋಣೆಯಲ್ಲೇ ಯಂತ್ರವನ್ನೂ ಮನುಷ್ಯನನ್ನೂ ಇಕ್ಕಟ್ಟಿಲ್ಲದೆ ಕೂರಿಸುವುದು. ಮುಂದೆ ಪುಟ್ಟ ಕಾರಿಗೆ ಬೇಕಾದದ್ದೂ ಈ ಎರಡು ವಿದ್ಯೆಗಳೇ.

ಕಾನೂನು ಹಾಕಿದ ಅಳತೆ

ಯುದ್ಧದಲ್ಲಿ ಸೋತ ಜಪಾನಿನಲ್ಲಿ ಹಣವಿರಲಿಲ್ಲ, ಪೆಟ್ರೋಲಿರಲಿಲ್ಲ, ಅಗಲವಾದ ಬೀದಿಗಳಂತೂ ಮೊದಲೇ ಇರಲಿಲ್ಲ. ಆದರೂ ಜನರಿಗೆ ವಾಹನ ಬೇಕು, ಕಾರ್ಖಾನೆಗಳಿಗೆ ಕೆಲಸ ಬೇಕು. ಅಲ್ಲಿನ ಸರ್ಕಾರ 1949ರಲ್ಲಿ 'ಹಗುರ ಮೋಟಾರು' ಎಂಬ ಪ್ರತ್ಯೇಕ ವರ್ಗವೊಂದನ್ನು ಏರ್ಪಡಿಸಿತು. ಜಪಾನೀ ಭಾಷೆಯಲ್ಲಿ 'ಕೇ' ಎಂದರೆ ಹಗುರ. ಆದ್ದರಿಂದ ಇವು ಕೇ ಕಾರುಗಳು. ಇಷ್ಟು ಉದ್ದ, ಇಷ್ಟು ಅಗಲ, ಇಷ್ಟು ದೊಡ್ಡ ಎಂಜಿನ್ನು, ಇದರೊಳಗೆ ಇದ್ದರೆ ತೆರಿಗೆ ಕಡಿಮೆ ಎಂಬುದು ನಿಯಮದ ಸಾರ. 1955ರ ಹೊತ್ತಿಗೆ ಅಳತೆ ಹೀಗಿತ್ತು: ಉದ್ದ 3 ಮೀಟರು, ಅಗಲ 1.3 ಮೀಟರು, ಎಂಜಿನ್ನು 360 ಘನ ಸೆಂಟಿಮೀಟರು. 1976ರಲ್ಲಿ ಅದು 3.2 ಮೀಟರು, 1.4 ಮೀಟರು, 550 ಘನ ಸೆಂಟಿಮೀಟರು ಆಯಿತು. 1990ರಲ್ಲಿ ಎಂಜಿನ್ನಿಗೆ 660ರ ಮಿತಿ ಬಂತು. 1998ರಿಂದ ಈಚೆಗೆ ಉದ್ದ 3.4 ಮೀಟರು, ಅಗಲ 1.48 ಮೀಟರು, ಎತ್ತರ 2 ಮೀಟರು ಮೀರಬಾರದು.

ಜಪಾನಿನಲ್ಲಿ ಇನ್ನೊಂದು ನಿಯಮವುಂಟು. ಕಾರು ಕೊಳ್ಳುವವನು ಅದನ್ನು ನಿಲ್ಲಿಸಲು ತನಗೆ ಸ್ಥಳವಿದೆ ಎಂದು ಮೊದಲು ರುಜುವಾತು ಮಾಡಬೇಕು. ಅನೇಕ ಊರುಗಳಲ್ಲಿ ಕೇ ಕಾರಿಗೆ ಈ ತೊಡಕಿಲ್ಲ. ಹೀಗಾಗಿ ಅಲ್ಲಿ ಇಂದಿಗೂ ಮಾರಾಟವಾಗುವ ಹೊಸ ಕಾರುಗಳಲ್ಲಿ ಮೂರರಲ್ಲೊಂದಕ್ಕೂ ಹೆಚ್ಚು ಪಾಲು ಈ ಪುಟ್ಟವುಗಳದ್ದೇ. ಹಳದಿ ಫಲಕದ ಮೇಲೆ ಕಪ್ಪು ಅಕ್ಷರ ಕಂಡರೆ ಅದು ಮನೆಬಳಕೆಯ ಕೇ ಕಾರೆಂದು ತಿಳಿಯಬೇಕು. ನಮ್ಮಲ್ಲಿ ಹಳದಿ ಫಲಕವೆಂದರೆ ಬಾಡಿಗೆ ಕಾರು. ಅಲ್ಲಿ ಅರ್ಥ ಬೇರೆ.

1979ರಲ್ಲಿ ಸುಜುಕಿಯವರು 470,000 ಯೆನ್ ಬೆಲೆಗೆ ಆಲ್ಟೋ ಎಂಬ ಕಾರನ್ನು ತಂದರು. ಅಲಂಕಾರಗಳನ್ನೆಲ್ಲ ಕಿತ್ತುಹಾಕಿ ಅಗತ್ಯವಾದದ್ದನ್ನು ಮಾತ್ರ ಉಳಿಸಿದ ಗಾಡಿ ಅದು. ಜನ ಮುಗಿಬಿದ್ದು ಕೊಂಡರು. ಇತ್ತ ನಮ್ಮ ದೇಶದಲ್ಲಿ 1981ರಲ್ಲಿ ಮಾರುತಿ ಉದ್ಯೋಗ ಎಂಬ ಸರ್ಕಾರಿ ಸಂಸ್ಥೆ ಸ್ಥಾಪನೆಯಾಗಿ, 1982ರಲ್ಲಿ ಸುಜುಕಿಯೊಡನೆ ಒಪ್ಪಂದವಾಯಿತು. 1983ರ ಡಿಸೆಂಬರ್ 14ರಂದು ಪ್ರಧಾನಿ ಇಂದಿರಾ ಗಾಂಧಿಯವರು ಮೊದಲ ಕಾರಿನ ಬೀಗದಕೈಯನ್ನು ಕೊಂಡವರ ಕೈಗೆ ಕೊಟ್ಟರು. ಬೆಲೆ ಅರ್ಧ ಲಕ್ಷ ರೂಪಾಯಿಯ ಆಸುಪಾಸು. ಅಂಬಾಸಿಡರ್ ಅಥವಾ ಫಿಯಟ್ ಬೇಕೆಂದು ಹಣ ಕಟ್ಟಿ ವರ್ಷಗಟ್ಟಲೆ ಕಾದು ಕುಳಿತಿದ್ದ ಮಧ್ಯಮ ವರ್ಗಕ್ಕೆ ಇದು ಹೊಸ ಗಾಳಿ. ನಮ್ಮ ದೇಶದ ಕಾರಿಗೆ 796 ಘನ ಸೆಂಟಿಮೀಟರಿನ ಎಂಜಿನ್ನನ್ನು ಕೂರಿಸಲಾಯಿತು. ಜಪಾನಿನ ಮಿತಿ ಇಲ್ಲಿ ಅನ್ವಯಿಸುತ್ತಿರಲಿಲ್ಲವಷ್ಟೆ. ಒಡಲು ಮಾತ್ರ ಹೆಚ್ಚುಕಡಮೆ ಕೇ ಕಾರಿನದೇ. 1986ರಲ್ಲಿ ಒಡಲಿನ ರೂಪ ಬದಲಾಯಿತು. ಇಂದು ನಮ್ಮ ಬೀದಿಗಳಲ್ಲಿ ಉಳಿದಿರುವ ಹಳೆಯ ಮಾರುತಿಗಳು ಬಹುತೇಕ ಆ ರೂಪದವು.

ಎತ್ತು ಮುಂದೆ, ಗಾಡಿ ಹಿಂದೆ

ಈಗ ಒಂದು ಅಳತೆಯ ಪಟ್ಟಿಯನ್ನು ತೆಗೆದುಕೊಳ್ಳೋಣ. ಮಾರುತಿ 800ರ ಉದ್ದ ಸುಮಾರು 3.3 ಮೀಟರು, ಎಂದರೆ 11 ಅಡಿ. ಅಗಲ 1.44 ಮೀಟರು, ಎಂದರೆ 5 ಅಡಿಗೂ ಕಡಿಮೆ. ಅಂಬಾಸಿಡರಿನ ಉದ್ದ 14 ಅಡಿಗೂ ಮಿಕ್ಕಿದ್ದು, ಅಗಲ ಐದೂವರೆ ಅಡಿ. ಉದ್ದದಲ್ಲಿ 3 ಅಡಿಗೂ ಹೆಚ್ಚು ಕಡಿಮೆಯಾದರೂ ಮುಂದೆ ಇಬ್ಬರು, ಹಿಂದೆ ಇಬ್ಬರು ಮೂವರು ಕುಳಿತುಕೊಳ್ಳುತ್ತಾರೆ. ಮೂರಡಿ ಎಲ್ಲಿ ಹೋಯಿತು? ಇದೇ ಈ ಕಾರಿನ ರಹಸ್ಯ.

ಅಂಬಾಸಿಡರಿನಲ್ಲಿ ಎಂಜಿನ್ನು ಮುಂದೆ ಉದ್ದುದ್ದವಾಗಿ ಕುಳಿತಿರುತ್ತದೆ. ಅದರ ಬಲ ಒಂದು ಉದ್ದನೆಯ ದಂಡದ ಮೂಲಕ ಕಾರಿನ ಅಡಿಯಲ್ಲಿ ಹಾದು ಹಿಂದಿನ ಚಕ್ರಗಳಿಗೆ ಹೋಗಬೇಕು. ಹಿಂದಿನ ಚಕ್ರಗಳು ಕಾರನ್ನು ತಳ್ಳುತ್ತವೆ. ಪುಟ್ಟ ಕಾರಿನಲ್ಲಿ ಎಂಜಿನ್ನನ್ನು ಅಡ್ಡಡ್ಡವಾಗಿ, ಗೇರಿನ ಪೆಟ್ಟಿಗೆಯನ್ನು ಅದರ ಪಕ್ಕದಲ್ಲೇ ಇಟ್ಟು, ಬಲವನ್ನು ನೇರವಾಗಿ ಮುಂದಿನ ಚಕ್ರಗಳಿಗೇ ಕೊಟ್ಟಿದ್ದಾರೆ. ನಡುವಿನ ದಂಡವಿಲ್ಲ, ಅದಕ್ಕಾಗಿ ನೆಲದಲ್ಲಿ ಎಬ್ಬಿಸುವ ದಿಬ್ಬವಿಲ್ಲ, ಕಾಲಿಡಲು ನೆಲ ಸಮನಾಗಿ ಸಿಕ್ಕಿತು. ನೀವು ಎತ್ತಿನ ಗಾಡಿಯನ್ನು ಕಂಡಿದ್ದೀರಿ. ಎತ್ತು ಮುಂದೆ ನಿಂತು ಎಳೆಯುತ್ತದೆಯೇ ಹೊರತು ಹಿಂದೆ ನಿಂತು ತಳ್ಳುವುದಿಲ್ಲ. ತಿರುವಿನಲ್ಲಿ ಎತ್ತು ಯಾವ ಕಡೆ ಮುಖ ಮಾಡಿತೋ ಗಾಡಿ ಆ ಕಡೆಗೆ ಬರುತ್ತದೆ. ಮುಂಚಕ್ರದ ಎಳೆತವೂ ಹಾಗೆಯೇ. ಎಂಜಿನ್ನಿನ ಭಾರವೂ ಎಳೆಯುವ ಚಕ್ರದ ಮೇಲೆಯೇ ಇರುವುದರಿಂದ ಕೆಸರಿನಲ್ಲಿ, ಮಳೆಯ ದಾರಿಯಲ್ಲಿ ಹಿಡಿತ ಚೆನ್ನಾಗಿರುತ್ತದೆ. ಇಂಗ್ಲೆಂಡಿನಲ್ಲಿ ಅಲೆಕ್ ಇಸಿಗೋನಿಸ್ ಎಂಬ ಎಂಜಿನಿಯರು 1959ರ ಮಿನಿ ಕಾರಿನಲ್ಲಿ ಈ ಉಪಾಯವನ್ನು ಜಗತ್ತಿಗೆಲ್ಲ ಪ್ರಸಿದ್ಧಿಪಡಿಸಿದ. ಸುಜುಕಿಯವರ 1955ರ ಮೊದಲ ಕಾರೂ ಮುಂಚಕ್ರದಿಂದ ಎಳೆಯುವಂಥದೇ ಆಗಿತ್ತು.

ಎರಡನೆಯ ಉಪಾಯ ಚಕ್ರಗಳದು. ನಾಲ್ಕೂ ಚಕ್ರಗಳನ್ನು ನಾಲ್ಕು ಮೂಲೆಗಳಿಗೆ ಒತ್ತಿದ್ದಾರೆ. ಕಾರಿನ ಉದ್ದವನ್ನು 100 ಭಾಗವೆಂದುಕೊಂಡರೆ ಮುಂದಿನ ಅಚ್ಚಿಗೂ ಹಿಂದಿನ ಅಚ್ಚಿಗೂ ನಡುವೆ ಮಾರುತಿಯಲ್ಲಿ ಸುಮಾರು 65 ಭಾಗವಿದೆ, ಅಂಬಾಸಿಡರಿನಲ್ಲಿ 57. ಮನುಷ್ಯರು ಕೂರುವುದು ಈ ನಡುವಿನಲ್ಲೇ ತಾನೆ? ಚಕ್ರಗಳೂ ಚಿಕ್ಕವು, 12 ಅಂಗುಲದ ಗಾಲಿ. ದೊಡ್ಡ ಚಕ್ರವಾದರೆ ಅದರ ಮೇಲಿನ ಕಮಾನು ಒಳಗಿನ ಜಾಗವನ್ನು ತಿನ್ನುತ್ತದೆ. ಇದರ ಫಲವಾಗಿ ಕಾರು ಸುಮಾರು 4.4 ಮೀಟರು ತ್ರಿಜ್ಯದಲ್ಲಿ ತಿರುಗುತ್ತದೆ. 30 ಅಡಿ ಅಗಲದ ಅಂಗಳವಿದ್ದರೆ ಹಿಂದೆ ಮುಂದೆ ಮಾಡದೆ ಒಂದೇ ಸುತ್ತಿಗೆ ಹೊರಳಿಸಬಹುದು.

ಮೂರನೆಯದು ಎಂಜಿನ್ನು. ನಾಲ್ಕು ಸಿಲಿಂಡರಿನ ಬದಲು ಮೂರೇ. ಒಂದೊಂದು ಸುಮಾರು 265 ಘನ ಸೆಂಟಿಮೀಟರಿನದು. ಮೂರಾದ್ದರಿಂದ ಎಂಜಿನ್ನು ಗಿಡ್ಡವಾಯಿತು, ಅಡ್ಡಲಾಗಿ ಹಿಡಿಸಿತು. ಭಾಗಗಳು ಕಡಿಮೆಯಾದ್ದರಿಂದ ಉಜ್ಜುವಿಕೆಯಲ್ಲಿ ಹೋಗುವ ನಷ್ಟವೂ ಕಡಿಮೆಯಾಯಿತು. ನಿಂತಲ್ಲಿ ಕಾರು ಸ್ವಲ್ಪ ನಡುಗುವುದೂ ಈ ಮೂರರಿಂದಲೇ; ಅದು ರೋಗವಲ್ಲ. ಪೆಟ್ರೋಲು ಕಡಿಮೆ ಕುಡಿಯುವುದಕ್ಕೆ ಕಾರಣ ಬರೇ ಚಿಕ್ಕತನವಲ್ಲ. ದೊಡ್ಡ ಎಂಜಿನ್ನು ನಿಧಾನ ಸಂಚಾರದಲ್ಲಿ ಗಾಳಿಯ ದಾರಿಯನ್ನು ಮುಕ್ಕಾಲು ಮುಚ್ಚಿಕೊಂಡೇ ಓಡಬೇಕಾಗುತ್ತದೆ; ಮೂಗು ಹಿಡಿದುಕೊಂಡು ಉಸಿರಾಡಿದಂತೆ. ಅದೇ ವ್ಯರ್ಥ. ಚಿಕ್ಕ ಎಂಜಿನ್ನು ಅದೇ ಕೆಲಸವನ್ನು ಮೂಗು ಬಿಟ್ಟು ಮಾಡುತ್ತದೆ.

ರೇಷ್ಮೆಗೂಡಿನಂಥ ಒಡಲು

ಲಾರಿಗೆ ಮೊದಲು ಉಕ್ಕಿನ ಚೌಕಟ್ಟು, ಅದರ ಮೇಲೆ ಒಡಲು. ಹಳೆಯ ಜೀಪೂ ಹಾಗೆಯೇ. ಪುಟ್ಟ ಕಾರಿನಲ್ಲಿ ಬೇರೆ ಚೌಕಟ್ಟೇ ಇಲ್ಲ. ತೆಳುವಾದ ಉಕ್ಕಿನ ತಗಡುಗಳನ್ನು ಒತ್ತಿ ಮಡಚಿ, ಒಂದಕ್ಕೊಂದು ಬೆಸೆದು, ಒಡಲನ್ನೇ ಚೌಕಟ್ಟಾಗಿ ಮಾಡಿದ್ದಾರೆ. ಒಂದು ರೇಷ್ಮೆಗೂಡನ್ನು ಕೈಗೆ ತೆಗೆದುಕೊಂಡು ನೋಡಿ. ಒಳಗೆ ಮೂಳೆಯಿಲ್ಲ, ಕಂಬವಿಲ್ಲ. ಆದರೂ ಬೆರಳಿಂದ ಒತ್ತಿದರೆ ಸುಲಭವಾಗಿ ಬಗ್ಗುವುದಿಲ್ಲ. ಬಲವೆಲ್ಲ ಚಿಪ್ಪಿನ ಬಾಗಿನಲ್ಲಿದೆ. ಕಾರಿನ ಮೇಲ್ಛಾವಣಿ, ನೆಲ, ಬಾಗಿಲ ಕಂಬ ಎಲ್ಲವೂ ಹೀಗೆ ಸೇರಿ ಭಾರ ಹೊರುತ್ತವೆ. ಆದ್ದರಿಂದಲೇ ಇಡೀ ಕಾರಿನ ತೂಕ ಸುಮಾರು 650 ಕಿಲೋಗ್ರಾಂ ಮಾತ್ರ. ಅಂಬಾಸಿಡರಿನದು 1,100ಕ್ಕೂ ಹೆಚ್ಚು.

ಇಲ್ಲೊಂದು ಎಚ್ಚರಿಕೆಯಿದೆ. ಚಿಪ್ಪೇ ಬಲವಾದಾಗ ಚಿಪ್ಪಿಗೆ ತುಕ್ಕು ಹಿಡಿದರೆ ಬಲವೇ ಹೋಯಿತು. ಜೀಪಿನ ಬಾಗಿಲು ತುಕ್ಕು ಹಿಡಿದರೆ ನೋಟಕ್ಕೆ ಕೆಡುಕು, ಅಷ್ಟೆ. ಪುಟ್ಟ ಕಾರಿನ ನೆಲವೋ ಬಾಗಿಲ ಕೆಳಗಿನ ದಿಂಡೋ ತುಕ್ಕು ಹಿಡಿದರೆ ಮನೆಯ ತೊಲೆಗೆ ಗೆದ್ದಲು ಹತ್ತಿದಂತೆ. ಬಣ್ಣ ಬಳಿದು ಮುಚ್ಚಿದರೆ ಗೆದ್ದಲು ಹೋಗುವುದಿಲ್ಲ.

ಇನ್ನೊಂದು ಬಗೆಯ ಪುಟ್ಟ ಕಾರನ್ನೂ ನೀವು ಕಂಡಿರಬಹುದು. ನಿಂತ ಪೆಟ್ಟಿಗೆಯಂತೆ ಎತ್ತರವಾಗಿರುತ್ತದೆ. 1993ರಲ್ಲಿ ಜಪಾನಿನಲ್ಲಿ ಬಂದ ವ್ಯಾಗನ್ ಆರ್ ಈ ರೂಪವನ್ನು ಮನೆಮಾತು ಮಾಡಿತು. ಅದರ ತರ್ಕ ಸರಳ. ಕಾನೂನು ಉದ್ದವನ್ನೂ ಅಗಲವನ್ನೂ ಬಿಗಿಹಿಡಿದಿದೆ, ಎತ್ತರಕ್ಕೆ ಮಾತ್ರ 2 ಮೀಟರು ಬಿಟ್ಟಿದೆ. ಹಾಗಾದರೆ ಮೇಲಕ್ಕೆ ಬೆಳೆಯೋಣ! ನಿವೇಶನ ಚಿಕ್ಕದಾದವನು ಮಾಳಿಗೆ ಕಟ್ಟುವುದಿಲ್ಲವೇ? ಎತ್ತರವಾದಾಗ ಕಾಲು ಚಾಚಿ ಒರಗಿ ಕೂರುವ ಬದಲು ಕುರ್ಚಿಯಲ್ಲಿ ಕೂತಂತೆ ನೆಟ್ಟಗೆ ಕೂರಬಹುದು. ಉದ್ದ ಕಡಿಮೆ ಸಾಕು. ಮಂಡಿನೋವಿನ ಹಿರಿಯರು ತಗ್ಗಿ ಬಗ್ಗಿ ಇಳಿಯಬೇಕಿಲ್ಲ. ಸೊಂಟದ ಎತ್ತರದ ಆಸನಕ್ಕೆ ಪಕ್ಕದಿಂದ ಸರಿದು ಕುಳಿತರಾಯಿತು. ಮನೆಯಲ್ಲಿ ವಯಸ್ಸಾದವರಿದ್ದರೆ ಕೊಳ್ಳುವ ಮುನ್ನ ಅವರನ್ನೇ ಒಮ್ಮೆ ಕೂರಿಸಿ, ಇಳಿಸಿ ನೋಡಿ. ಆ ಪರೀಕ್ಷೆಯನ್ನು ಯಾವ ಜಾಹಿರಾತೂ ನಿಮಗಾಗಿ ಮಾಡಿಕೊಡುವುದಿಲ್ಲ.

ಹೊರೆಯ ಲೆಕ್ಕ, ಬೆಟ್ಟದ ಲೆಕ್ಕ

ಈಗ ಲೇಖನದ ಮುಖ್ಯ ಮಾತಿಗೆ ಬರೋಣ. 650 ಕಿಲೋಗ್ರಾಮಿನ ಕಾರಿನಲ್ಲಿ 60 ಕಿಲೋಗ್ರಾಮಿನ ಐದು ಮಂದಿ ಕುಳಿತರೆ 300 ಕಿಲೋಗ್ರಾಂ ಸೇರಿತು. ಕಾರಿನ ತೂಕ ಸುಮಾರು ಅರ್ಧದಷ್ಟು ಏರಿತು. ಅದೇ ಐದು ಮಂದಿ ಅಂಬಾಸಿಡರಿನಲ್ಲಿ ಕುಳಿತರೆ ಏರಿಕೆ ಕಾಲು ಭಾಗಕ್ಕಿಂತ ತುಸು ಹೆಚ್ಚು, ಅಷ್ಟೆ. ಎಂದರೆ ಹಗುರವಾದ ಕಾರು ಹೊರೆಯನ್ನು ಹೆಚ್ಚು ಅನುಭವಿಸುತ್ತದೆ. ಒಬ್ಬನೇ ಓಡಿಸಿದಾಗ ಚಿಗರೆಯಂತೆ ಹಾರುವ ಕಾರು, ಮನೆಮಂದಿ ತುಂಬಿದಾಗ ಬೇರೆಯೇ ಪ್ರಾಣಿಯಾಗುತ್ತದೆ. ಹತ್ತಲು ಸಮಯ ಬೇಕು, ಮುಂದಿನ ಲಾರಿಯನ್ನು ದಾಟಲು ಹೆಚ್ಚು ದೂರ ಬೇಕು, ನಿಲ್ಲಿಸಲೂ ಹೆಚ್ಚು ದೂರ ಬೇಕು. ಐವರ ಜಾಗದಲ್ಲಿ ಎಂಟು ಜನ ಕೂತು, ಮೇಲೆ ಅಕ್ಕಿಮೂಟೆ ಕಟ್ಟಿಕೊಂಡು ಜಾತ್ರೆಗೆ ಹೊರಡುವ ದೃಶ್ಯವನ್ನು ನಾವೆಲ್ಲ ಕಂಡಿದ್ದೇವೆ. ಜಪಾನಿನ ಎಂಜಿನಿಯರು ಆ ಎಂಟು ಜನರನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಹತ್ತುವುದಕ್ಕಿಂತ ಇಳಿಯುವುದು ಕಷ್ಟ. ಬಿಳಿಗಿರಿರಂಗನ ದೇವಾಲಯ ಸಮುದ್ರಮಟ್ಟದಿಂದ ಸುಮಾರು 5,000 ಅಡಿ ಎತ್ತರದಲ್ಲಿದೆ. ಮಹದೇಶ್ವರ ಬೆಟ್ಟದ ದಾರಿಯೂ ತಿರುವಿನ ಮೇಲೆ ತಿರುವು. ಐದು ಮಂದಿಯಿರುವ ಪುಟ್ಟ ಕಾರು 500 ಮೀಟರು ಎತ್ತರದಿಂದ ಕೆಳಗಿಳಿಯಿತೆಂದು ಭಾವಿಸಿ. ವೇಗ ಹೆಚ್ಚದಂತೆ ಬ್ರೇಕನ್ನೇ ಒತ್ತುತ್ತ ಬಂದರೆ ಆ ಎತ್ತರದ ಶಕ್ತಿಯೆಲ್ಲ ಬ್ರೇಕಿನಲ್ಲಿ ಶಾಖವಾಗಬೇಕು. ಆ ಶಾಖ ಎಷ್ಟು ಗೊತ್ತೆ? ಸುಮಾರು 14 ಲೀಟರು, ಎಂದರೆ ಒಂದು ಬಿಂದಿಗೆ ತಣ್ಣೀರನ್ನು ಕುದಿಯುವ ತನಕ ಕಾಯಿಸುವಷ್ಟು! 12 ಅಂಗುಲದ ಗಾಲಿಯೊಳಗೆ ಅಡಗಿದ ಪುಟ್ಟ ಬ್ರೇಕುಗಳು ಅಷ್ಟನ್ನೂ ನುಂಗಿ ಗಾಳಿಗೆ ಬಿಡಬೇಕು. ಮಿತಿಮೀರಿ ಕಾದ ಬ್ರೇಕು ಹಿಡಿಯುವುದಿಲ್ಲ. ಕಾಲು ಒತ್ತಿದರೂ ಕಾರು ಜಾರುತ್ತಲೇ ಹೋಗುತ್ತದೆ.

ಇದಕ್ಕೆ ಪರಿಹಾರ ಹಳೆಯದು, ಖರ್ಚಿಲ್ಲದ್ದು. ಯಾವ ಗೇರಿನಲ್ಲಿ ಬೆಟ್ಟ ಹತ್ತಿದಿರೋ ಅದೇ ಗೇರಿನಲ್ಲಿ ಇಳಿಯಿರಿ. ಆಗ ಎಂಜಿನ್ನೇ ಕಾರನ್ನು ಹಿಡಿದು ನಿಧಾನಗೊಳಿಸುತ್ತದೆ. ಬ್ರೇಕು ತಿರುವಿಗೆ ಮಾತ್ರ ಉಳಿಯುತ್ತದೆ. ಪೆಟ್ರೋಲು ಉಳಿಸುವ ಆಸೆಯಿಂದ ಎಂಜಿನ್ನು ಆರಿಸಿ ಇಳಿಯುವವರುಂಟು. ಆ ಉಳಿತಾಯ ಕೆಲವೇ ರೂಪಾಯಿಗಳದು. ಪಣಕ್ಕಿಟ್ಟದ್ದು ಒಳಗೆ ಕುಳಿತವರನ್ನೆಲ್ಲ.

ವೇಗದ ಮಾತು

ಪುಟ್ಟ ಕಾರಿನ ಮೂಗು ಗಿಡ್ಡ. ಊರೊಳಗೆ ಅದು ಗುಣ; ಡಿಕ್ಕಿಯಲ್ಲಿ ಅದೇ ದೋಷ. ಗಂಟೆಗೆ 50 ಕಿಲೋಮೀಟರು ವೇಗದಲ್ಲಿ ಗೋಡೆಗೆ ಗುದ್ದುವುದೂ ಸುಮಾರು 10 ಮೀಟರು ಎತ್ತರದಿಂದ, ಎಂದರೆ ಮೂರು ಅಂತಸ್ತಿನ ಮೇಲಿಂದ ಬೀಳುವುದೂ ಒಂದೇ. ವೇಗ 100 ಆದರೆ ಎತ್ತರ ಇಮ್ಮಡಿಯಲ್ಲ, ನಾಲ್ಮಡಿ. ಬೀಳುವವನ ಕೆಳಗೆ ಹುಲ್ಲಿನ ಮೆದೆ ದಪ್ಪವಾಗಿದ್ದರೆ ಪೆಟ್ಟು ಕಡಿಮೆ. ಕಾರಿನ ಮೂತಿಯೇ ಆ ಮೆದೆ. ಅದು ನಜ್ಜುಗುಜ್ಜಾಗುತ್ತ ಪೆಟ್ಟನ್ನು ನುಂಗಬೇಕು. ಪುಟ್ಟ ಕಾರಿನಲ್ಲಿ ಮೆದೆ ತೆಳು. ಎದುರಿಂದ ಬರುವುದು ತುಂಬಿದ ಕಬ್ಬಿನ ಲಾರಿಯಾದರೆ ಹೇಳುವುದೇ ಬೇಡ. ಜಪಾನಿನಲ್ಲಿ 2000ದವರೆಗೂ ವೇಗದ ಹೆದ್ದಾರಿಗಳಲ್ಲಿ ಕೇ ಕಾರುಗಳಿಗೆ ಗಂಟೆಗೆ 80 ಕಿಲೋಮೀಟರಿನ ಮಿತಿಯಿತ್ತು. ಊರಿನ ಕಾರು ಊರಿನ ವೇಗಕ್ಕೆ ಎಂಬ ವಿವೇಕ ಅದರಲ್ಲಿತ್ತು.

ಲಂಡನ್ನಿನ ಗ್ಲೋಬಲ್ ಎನ್‌ಕ್ಯಾಪ್ ಎಂಬ ಸಂಸ್ಥೆ ನಮ್ಮ ದೇಶದ ಕೆಲವು ಚಿಕ್ಕ ಕಾರುಗಳನ್ನು ಗಂಟೆಗೆ 64 ಕಿಲೋಮೀಟರು ವೇಗದಲ್ಲಿ ಗುದ್ದಿಸಿ, 2014ರ ಜನವರಿಯಲ್ಲಿ ಫಲಿತಾಂಶ ಪ್ರಕಟಿಸಿತು. ಗಾಳಿಚೀಲವಿಲ್ಲದ ಆಲ್ಟೋ 800ಕ್ಕೆ ದೊಡ್ಡವರ ರಕ್ಷಣೆಯಲ್ಲಿ ಒಂದು ನಕ್ಷತ್ರವೂ ಬರಲಿಲ್ಲ. ಅದೊಂದೇ ಅಲ್ಲ, ಬೇರೆ ಸಂಸ್ಥೆಗಳ ಚಿಕ್ಕ ಕಾರುಗಳ ಗತಿಯೂ ಅದೇ ಆಯಿತು. ಈ ಪರೀಕ್ಷೆ ವ್ಯರ್ಥವಾಗಲಿಲ್ಲ. ಭಾರತ ಸರ್ಕಾರ 2017ರ ಅಕ್ಟೋಬರಿನಿಂದ ಹೊಸ ಮಾದರಿಗಳಿಗೆ, 2019ರ ಅಕ್ಟೋಬರಿನಿಂದ ಎಲ್ಲ ಮಾದರಿಗಳಿಗೆ ಡಿಕ್ಕಿಯ ಪರೀಕ್ಷೆಯನ್ನು ಕಡ್ಡಾಯ ಮಾಡಿತು. 2019ರ ಜುಲೈನಿಂದ ಚಾಲಕನ ಮುಂದೆ ಗಾಳಿಚೀಲ ಇರಲೇಬೇಕೆಂದಾಯಿತು. ಆದರೆ ಗಮನಿಸಿ: ನೀವು ಕೊಳ್ಳಲಿರುವ ಹಳೆಯ ಕಾರು ಈ ದಿನಾಂಕಗಳಿಗಿಂತ ಹಿಂದಿನದಾಗಿದ್ದರೆ, ಅದು ಈ ನಿಯಮಗಳಿಗೆ ತಲೆಬಾಗಿ ಹುಟ್ಟಿದ್ದಲ್ಲ. ಅದರಲ್ಲಿರುವ ರಕ್ಷಣೆ ಎರಡೇ: ಸೊಂಟಕ್ಕೂ ಎದೆಗೂ ಕಟ್ಟುವ ಪಟ್ಟಿ, ಮತ್ತು ಚಾಲಕನ ಬಲಗಾಲಿನ ಸಂಯಮ. ಮಗುವನ್ನು ಮುಂದಿನ ಆಸನದಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ಹೋಗುವ ಅಭ್ಯಾಸ ನಮ್ಮಲ್ಲಿ ಪ್ರೀತಿಯ ಗುರುತು. ಗುದ್ದಿದ ಕ್ಷಣದಲ್ಲಿ ಯಾವ ತಾಯಿಯ ತೋಳಿಗೂ ಆ ಮಗುವನ್ನು ಹಿಡಿಯುವ ಬಲವಿರುವುದಿಲ್ಲ.

ಕೊಳ್ಳುವ ಮುನ್ನ

ಹಾಗಾದರೆ ಪುಟ್ಟ ಕಾರು ಬೇಡವೇ? ಹಾಗೇನೂ ಇಲ್ಲ. ಹಳೆಯದನ್ನು ಕೊಳ್ಳುವುದಾದರೆ ನಾಲ್ಕು ಮಾತು ನೆನಪಿಡಿ.

ಮೊದಲನೆಯದು, ನೆಲದ ಚಾಪೆಯನ್ನು ಎತ್ತಿ ಕೆಳಗಿನ ತಗಡನ್ನು ಕಣ್ಣಾರೆ ನೋಡಿ. ಬಾಗಿಲ ಕೆಳಗಿನ ದಿಂಡನ್ನು ಬೆರಳಿಂದ ತಟ್ಟಿ ನೋಡಿ. ತೂತಿದ್ದರೆ, ಹೊಸ ಬಣ್ಣದ ಕೆಳಗೆ ಉಬ್ಬು ಕಂಡರೆ, ಬೆಲೆ ಎಷ್ಟೇ ಕಡಿಮೆಯಿದ್ದರೂ ನಮಸ್ಕಾರ ಹೇಳಿ ಬನ್ನಿ.

ಎರಡನೆಯದು, ಎಂಜಿನ್ನು ಅಡ್ಡಲಾಗಿರುವುದರಿಂದ ನೀರು ತಂಪು ಮಾಡುವ ಬೀಸಣಿಗೆ ಎಂಜಿನ್ನಿನ ಪಟ್ಟಿಯಿಂದ ತಿರುಗುವುದಿಲ್ಲ, ವಿದ್ಯುತ್ತಿನಿಂದ ತಿರುಗುತ್ತದೆ. ಕಾರನ್ನು ನಿಲ್ಲಿಸಿಯೇ ಎಂಜಿನ್ನನ್ನು ಸ್ವಲ್ಪ ಹೊತ್ತು ಓಡಿಸಿ, ಬೀಸಣಿಗೆ ತಾನಾಗಿ ಆರಂಭವಾಗುತ್ತದೆಯೇ ನೋಡಿ. ಇದು ಕೆಟ್ಟಿದ್ದರೆ ಬಯಲಿನಲ್ಲಿ ತಿಳಿಯುವುದಿಲ್ಲ, ಬೆಟ್ಟದ ನಡುವೆ ತಿಳಿಯುತ್ತದೆ.

ಮೂರನೆಯದು, ಕಾಗದಪತ್ರ. ನಮ್ಮ ದೇಶದಲ್ಲಿ ಸ್ವಂತ ಕಾರಿನ ನೋಂದಣಿ 15 ವರ್ಷದ್ದು. ಆಮೇಲೆ ಯೋಗ್ಯತೆಯ ಪರೀಕ್ಷೆ ಮಾಡಿಸಿ 5 ವರ್ಷಕ್ಕೊಮ್ಮೆ ನವೀಕರಿಸಬೇಕು. ನೋಂದಣಿ ಮುಗಿಯಲಿರುವ ಕಾರಿನ ಬೆಲೆ ಕಡಿಮೆಯೆಂದು ಹಿಗ್ಗುವ ಮುನ್ನ, ಆ ಪರೀಕ್ಷೆಗೂ ತೆರಿಗೆಗೂ ಆಗುವ ಖರ್ಚನ್ನು ಕೂಡಿ ನೋಡಿ. ಮಾರುತಿ 800ರ ತಯಾರಿಕೆ 2014ರ ಜನವರಿಯಲ್ಲೇ ನಿಂತಿತು. ಆದ್ದರಿಂದ ಇರುವುದೆಲ್ಲ ವಯಸ್ಸಾದವೇ.

ನಾಲ್ಕನೆಯದು, ನಿಮ್ಮ ಬಳಕೆಯನ್ನು ಕಾಗದದ ಮೇಲೆ ಬರೆಯಿರಿ. ವಾರಕ್ಕೆ ಎರಡು ಸಲ ಕೊಳ್ಳೇಗಾಲದ ಪೇಟೆಗೆ, ತಿಂಗಳಿಗೊಮ್ಮೆ ಆಸ್ಪತ್ರೆಗೆ, ಇಬ್ಬರು ಮೂವರು ಮಾತ್ರ ಎಂದಾದರೆ ಪುಟ್ಟ ಕಾರಿನಷ್ಟು ವಿಶ್ವಾಸದ ಸೇವಕ ಇನ್ನೊಂದಿಲ್ಲ. ವಾರವಾರವೂ ಆರೇಳು ಜನ ಹೆದ್ದಾರಿಯಲ್ಲಿ ಬೆಂಗಳೂರಿಗೆ ಎಂದಾದರೆ, ಅದು ಆ ಕಾರಿನ ಕೆಲಸವಲ್ಲ. ಬಸ್ಸೇ ಮೇಲು. ವರ್ಷಕ್ಕೊಮ್ಮೆ ಬರುವ ಬೆಟ್ಟದ ಯಾತ್ರೆಗೆ ದೊಡ್ಡ ವಾಹನವನ್ನು ಬಾಡಿಗೆಗೆ ಹಿಡಿದರೂ, ದೊಡ್ಡ ಕಾರನ್ನು ವರ್ಷವಿಡೀ ಸಾಕುವುದಕ್ಕಿಂತ ಅಗ್ಗ.

ಪುಟ್ಟ ಕಾರಿನ ಕಥೆ ಇನ್ನೂ ಮುಗಿದಿಲ್ಲ. ಬೆಂಗಳೂರಿನಲ್ಲೇ 2001ರಲ್ಲಿ ರೇವಾ ಎಂಬ ವಿದ್ಯುತ್ ಕಾರು ಬಂದಿತ್ತು. ಉದ್ದ ಸುಮಾರು 2.6 ಮೀಟರು ಮಾತ್ರ. ಜಪಾನಿನಲ್ಲಿ 2022ರಲ್ಲಿ ನಿಸ್ಸಾನಿನವರು ಸಕುರಾ ಎಂಬ ವಿದ್ಯುತ್ ಕೇ ಕಾರನ್ನು ತಂದರು. ಒಮ್ಮೆ ವಿದ್ಯುತ್ತು ತುಂಬಿದರೆ 180 ಕಿಲೋಮೀಟರು ಎಂದು ಅದರ ಲೆಕ್ಕ. ಪೆಟ್ರೋಲು ಹೋಗಿ ಬ್ಯಾಟರಿ ಬಂದರೂ ಅಳತೆಯ ತತ್ವ ಬದಲಾಗಲಿಲ್ಲ. ಬೀದಿ ಎಷ್ಟಗಲವೋ ಗಾಡಿ ಅಷ್ಟಗಲಕ್ಕೆ ತಕ್ಕಂತಿರಬೇಕು, ಹೊರೆ ಎಷ್ಟೋ ವೇಗ ಅದಕ್ಕೆ ತಕ್ಕಂತಿರಬೇಕು. ನಮ್ಮ ಗಾಡಿ ಹೊಡೆಯುವ ರೈತನಿಗೆ ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಎತ್ತಿನ ಉಸಿರು ಕೇಳಿಯೇ ಅವನು ಮೂಟೆ ಇಳಿಸುತ್ತಿದ್ದ. ಎಂಜಿನ್ನಿಗೂ ಉಸಿರುಂಟು. ನೀವು ಕಾರು ಕೊಂಡ ದಿನ ಮನೆಮಂದಿಯನ್ನೆಲ್ಲ ಕೂರಿಸುವ ಮುನ್ನ, ಒಮ್ಮೆ ಕಿಟಕಿ ಇಳಿಸಿ ಅದನ್ನು ಕೇಳಿ.